ಗಾಲ್ವೆಯಿಂದ, ತಂಗಿಯ ಪಿಟೀಲಿನ ಕುರಿತು

ಗಾಲ್ವೆ, ಐರ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನವರಿಗೂ ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ.

ತಂಗಿಯು ಪಿಟೀಲನ್ನು ಪೆಟ್ಟಿಗೆಯಿಂದ ತೆಗೆಯುವುದನ್ನೇ ಬಿಟ್ಟಿದ್ದಾಳೆಂದೂ, ಕಛೇರಿ ಕೊಡುವ ಮಟ್ಟಕ್ಕೆ ಏರಲಾಗದಿದ್ದರೆ ನುಡಿಸಿ ಏನು ಫಲವೆಂದು ಕೇಳುತ್ತಾಳೆಂದೂ ಅಮ್ಮ ಬರೆದಿದ್ದರು. ಅವಳಿಗೆ ಈ ಪತ್ರವನ್ನು ಓದಿ ಹೇಳಬೇಕು.

ಈ ಊರಿನಲ್ಲಿ ಸಂಜೆಯಾದರೆ ಪಬ್ಬಿನ ಮೂಲೆಯ ಮೇಜೊಂದರ ಸುತ್ತ ಪಿಟೀಲು, ಕೊಳಲು, ಕಾನ್ಸರ್ಟಿನಾ ಎಂಬ ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ತಿದಿವಾದ್ಯಗಳನ್ನು ಹಿಡಿದು ಜನ ಕೂಡುತ್ತಾರೆ. ಇದಕ್ಕೆ ಸೆಷನ್ ಎನ್ನುತ್ತಾರೆ. (ಪಬ್ಬೆಂದು ಅಮ್ಮ ಚಿಂತಿಸುವುದು ಬೇಡ, ನಾನು ಚಹಾ ಕುಡಿಯುತ್ತೇನೆ.) ಅಲ್ಲಿ ವೇದಿಕೆಯಿಲ್ಲ, ನುಡಿಸುವವರು ಒಬ್ಬರಿಗೊಬ್ಬರು ಮುಖ ಮಾಡಿ ಕುಳಿತಿರುತ್ತಾರೆ, ಹಗಲೆಲ್ಲ ಬೇರೆ ಕೆಲಸ ಮಾಡಿ ಬಂದವರೇ ಹೆಚ್ಚು. ಎರಡನೆಯ ಮಹಾಯುದ್ಧದ ನಂತರ ಕೆಲಸ ಅರಸಿ ಲಂಡನ್ನಿಗೆ ಹೋದ ಐರಿಷ್ ಜನರು ಅಲ್ಲಿನ ಪಬ್ಬುಗಳಲ್ಲಿ ಹೀಗೆ ಕೂಡಿ ನುಡಿಸಿದ್ದರಿಂದಲೇ ಈ ಪದ್ಧತಿ ಬೇರೂರಿತೆಂದು ತಿಳಿದಾಗ, ಊರು ಬಿಟ್ಟು ಬಂದಿರುವ ನನಗೆ ಅವರೆಲ್ಲ ಹತ್ತಿರದವರೆನಿಸಿದರು.

ನಮ್ಮ ಕಛೇರಿಯಲ್ಲಿ ಪಿಟೀಲು ಹಾಡುವವರ ಮನೋಧರ್ಮವನ್ನು, ಎಂದರೆ ಆ ಕ್ಷಣದಲ್ಲಿ ಹೊಳೆದು ಹಾಡುವುದನ್ನು, ನೆರಳಿನಂತೆ ಹಿಂಬಾಲಿಸಬೇಕು, ಅದಕ್ಕೆ ವರ್ಷಗಳ ಸಾಧನೆ ಬೇಕು. ಇಲ್ಲಿಯಾದರೋ ಎಲ್ಲರೂ ಒಂದೇ ಮಟ್ಟನ್ನು, ಎಂದರೆ ಧಾಟಿಯನ್ನು, ಒಟ್ಟಿಗೆ ನುಡಿಸುತ್ತಾರೆ. ಒಂದು ಮಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಭಾಗಗಳು, ಒಂದೊಂದೂ 8 ಆವರ್ತ. ಎರಡೆರಡು ಸಲ ನುಡಿಸಿದರೆ 32 ಆವರ್ತ. ಮತ್ತೆ ಅದನ್ನೇ ಎರಡು ಮೂರು ಸುತ್ತು ನುಡಿಸಿ, ನಿಲ್ಲದೆ ಮುಂದಿನ ಮಟ್ಟಿಗೆ ಹೊರಳುತ್ತಾರೆ. ಹೀಗಿರುವುದರಿಂದ ಹೊಸಬರು ಮೊದಲ ಸುತ್ತನ್ನು ಕೇಳಿ, ಮುಂದಿನದರಲ್ಲಿ ಕೈಗೆ ಸಿಕ್ಕಷ್ಟು ಸ್ವರಗಳನ್ನು ಮೆಲ್ಲಗೆ ಸೇರಿಸಬಹುದು. ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ ಎಂಬವರು 1903ರಲ್ಲೇ 1850 ಮಟ್ಟುಗಳನ್ನು ಅಚ್ಚು ಹಾಕಿಸಿದ್ದರೂ, ಹಾಳೆ ನೋಡಿ ನುಡಿಸುವ ರೂಢಿ ಸೆಷನ್ನಿನಲ್ಲಿಲ್ಲ. ಕೇಳಿ ಕೇಳಿ ಪಾಠ ಕಲಿತ ನಮಗೆ ಇದರಿಂದ ಅನುಕೂಲವೇ.

ರೀಲ್, ಜಿಗ್ ಎಂಬವು ಇಲ್ಲಿನ ಕುಣಿತದ ಮಟ್ಟುಗಳು. ರೀಲನ್ನು ಆದಿತಾಳದಲ್ಲಿ ಎಣಿಸಬಹುದು, ಜಿಗ್‌ಗೆ ಮೂರು ಮೂರರ ಎಣಿಕೆಯ ತಿಶ್ರ ನಡೆ. ಸ್ವರಗಳು ಬಹುಮಟ್ಟಿಗೆ ಶಂಕರಾಭರಣ, ಹರಿಕಾಂಭೋಜಿ ಅಥವಾ ಖರಹರಪ್ರಿಯ ರಾಗದವು. ಆದರೆ ತಂತಿಗಳನ್ನು ಸ-ಪ-ಸ-ಪ ಬಿಟ್ಟು ಅವರ ಶ್ರುತಿಗೆ ಕೂಡಿಸಬೇಕು. ಸ್ವರವನ್ನು ತೂಗಿ ಬಳುಕಿಸುವ ಗಮಕವನ್ನಂತೂ ಪೂರ್ತಿ ಬಿಡಬೇಕಾಯಿತು, ನನಗೆ ಅತ್ಯಂತ ಕಷ್ಟವಾದದ್ದು ಅದೇ.

ಸೇರುವ ಮೊದಲು ಹೊರಸುತ್ತಿನಲ್ಲಿ ಕುಳಿತು ಕೇಳಬೇಕು, ಅನುಮತಿ ಬೇಡಬೇಕು, ತಿಳಿಯದ ಮಟ್ಟು ಬಂದಾಗ ವಾದ್ಯವನ್ನು ಮಡಿಲಲ್ಲಿಟ್ಟುಕೊಳ್ಳಬೇಕು. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ತಾವಾಗಿ ನಮ್ಮ ಕಡೆ ತಿರುಗಿ, ನೀವೊಂದು ಆರಂಭಿಸಿ ಎನ್ನುತ್ತಾರೆ; ಆಗ ನಾವು ಹಿಡಿದ ಕಾಲಪ್ರಮಾಣವೇ ಎಲ್ಲರದೂ ಆಗುತ್ತದೆ, ಎಷ್ಟೇ ನಿಧಾನವಾದರೂ ಪರಿಣತರು ಅದಕ್ಕೆ ಹೊಂದಿಕೊಂಡು ಜೊತೆಗೂಡುತ್ತಾರೆ. ಆ ಸೌಜನ್ಯವನ್ನು ಕಂಡು ನನಗೆ ನಮ್ಮ ಶನಿವಾರದ ಭಜನಾ ಮಂಡಳಿಯೇ ನೆನಪಾಯಿತು.

ಅಪ್ಪಾ, ತಂಗಿಯನ್ನು ಆ ಭಜನಾ ಮಂಡಳಿಗೆ ಪಿಟೀಲಿನೊಂದಿಗೆ ಕರೆದೊಯ್ಯಿರಿ. ಅವಳಿಗೆ ಬರುವ ಎರಡು ಮೂರು ದಾಸರ ಪದಗಳಿಂದಲೇ ಆರಂಭವಾಗಲಿ. ನಿಮ್ಮ ಹಾರ್ಮೋನಿಯಂನ ಪಕ್ಕದಲ್ಲೇ ಕೂರಿಸಿಕೊಳ್ಳಿ, ಮೊದಲ ಪದವನ್ನು ಅವಳೇ ಎತ್ತಿಕೊಳ್ಳಲಿ. ಮಂಡಳಿಯವರು ಈಗ ಬಿಳಿ ಒಂದಕ್ಕೆ ಹಾಡುತ್ತಾರೋ ಕಪ್ಪು ಒಂದಕ್ಕೋ ತಿಳಿಸಿದರೆ, ನಾನೂ ಅದೇ ಶ್ರುತಿಯಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು