ತೇರ್ಸಿಗೆ ಕೂರದ ಮಗಳು

ಪ್ರೀತಿಯ ಗೆಳತಿ,

ನಿನ್ನ ಮೆಸೇಜಿಗೆ ಫೋನಿನಲ್ಲೇ ನಾಲ್ಕು ಸಾಲು ಬರೆದು ಕಳಿಸೋಣ ಅಂದುಕೊಂಡಿದ್ದೆ. ಆದರೆ ನೀನು ಕೇಳಿದ್ದು ನಾಲ್ಕು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಮಾರಾಯ್ತಿ. ನಿನ್ನ ಮಗಳು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಎದ್ದು ರೂಮಿಗೆ ಹೋಗುತ್ತಾಳೆ, ಕರೆದರೆ ಸಿಟ್ಟಾಗುತ್ತಾಳೆ ಎಂದು ಬರೆದಿದ್ದೀಯ. "ನಿಮ್ಮಲ್ಲಿ ದಿನಾ ಸಂಜೆ ಎಲ್ಲರೂ ಸೇರಿ ಪ್ರಾರ್ಥನೆ ಮಾಡ್ತೀರಲ್ಲ, ಮಕ್ಕಳು ಸುಮ್ನೆ ಕೂರ್ತಾರಾ? ನಿನ್ನ ದೊಡ್ಡವಳು ಏನಂತಾಳೆ?" ಎಂದು ಕೇಳಿದ್ದೀಯ. ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನಗೆ ಬೇಕಾದಷ್ಟು ತೆಗೆದುಕೋ.

ಮೊದಲು ಸುಮ್ನೆ ಕೂರುವ ವಿಷಯ. ಕೂರುವುದಿಲ್ಲ. ಸಂಜೆ ಏಳೂವರೆಗೆ ಆಲ್ತಾರಿನಲ್ಲಿ ಮೇಣದಬತ್ತಿ ಹಚ್ಚುತ್ತೇವೆ. ಆಲ್ತಾರ್ ಅಂದರೆ ಗೋಡೆಗೆ ಹೊಡೆದ ಒಂದು ಮರದ ಹಲಗೆ. ಅದರ ಮೇಲೆ ಶಿಲುಬೆ, ಮಾತೆ ಮರಿಯಳ ಪ್ರತಿಮೆ, ನನ್ನ ಮದುವೆಗೆ ಅಮ್ಮ ಕೊಟ್ಟ ಯೇಸುವಿನ ಪವಿತ್ರ ಹೃದಯದ ಚಿತ್ರ. ಚಾಪೆ ಹಾಸಿ ತೇರ್ಸ್ ಶುರು ಮಾಡುತ್ತೇವೆ. ಹಾಸ್ಟೆಲಿನಲ್ಲಿ ನನ್ನ ದಿಂಬಿನ ಕೆಳಗೆ ಜಪಸರ ನೋಡಿದ್ದೀಯಲ್ಲ, ಅದೇ ಪ್ರಾರ್ಥನೆ. ಐದು ರಹಸ್ಯಗಳು, ಅಂದರೆ ಯೇಸು ಮತ್ತು ಮರಿಯಳ ಬದುಕಿನ ಐದು ಘಟನೆಗಳ ಧ್ಯಾನ. ಒಂದೊಂದಕ್ಕೆ ಹತ್ತು ಸಲ 'ನಮಾನ್ ಮರಿಯೆ' ಎಂಬ ಮರಿಯಳ ಪ್ರಾರ್ಥನೆ, ಶುರುವಿನ ಮೂರೂ ಸೇರಿದರೆ 53. ಎರಡನೇ ರಹಸ್ಯ ಮುಗಿಯುವುದರೊಳಗೆ ಚಿಕ್ಕವನು ಚಾಪೆಯ ಕಡ್ಡಿ ಕೀಳಲು ಶುರು ಮಾಡಿರುತ್ತಾನೆ. ಕುಕ್ಕರ್ ಕೂಗುತ್ತದೆ. ಅತ್ತೆಗೆ ತೂಕಡಿಕೆ ಬರುತ್ತದೆ, ಆದರೆ ಅವರ ಸರದಿ ಬಂದಾಗ ಒಂದು ಪದವೂ ತಪ್ಪುವುದಿಲ್ಲ. ನಾನು ಎದ್ದು ಹೋಗಿ ಗ್ಯಾಸ್ ಆಫ್ ಮಾಡಿ ಬಂದು ಮತ್ತೆ ಸೇರಿಕೊಳ್ಳುತ್ತೇನೆ.

ಮದುವೆಗೆ ಮೊದಲು ನನಗೆ ಪ್ರಾರ್ಥನೆ ಎಂದರೆ ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಹಿಂದಿನ ಬೆಂಚಿನ ಮೇಲೆ ಒಬ್ಬಳೇ ಕೂರುವುದು. ಈಗ ಅಷ್ಟು ಹೊತ್ತು ಒಬ್ಬಳೇ ಕೂರಲು ಎಲ್ಲಿ ಸಿಗುತ್ತದೆ? ಆದರೆ ಈಗಿನದು ಅದಕ್ಕಿಂತ ಕಡಿಮೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಗ್ಯಾಸ್ ಆಫ್ ಮಾಡಲು ಹೋದಾಗಲೂ ಜಪಸರ ಕೈಯಲ್ಲೇ ಇರುತ್ತದೆ, ತುಟಿಯೂ ಆಡುತ್ತಿರುತ್ತದೆ. ದೇವರಿಗೆ ಅಷ್ಟು ಕೇಳಿಸದೇ ಇರುತ್ತದಾ?

ಇವರು ಕುವೈತಿನಿಂದ ಫೋನಿನಲ್ಲಿ ಸೇರುತ್ತಾರೆ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮಗೆ ಏಳೂವರೆ ಆದಾಗ ಅವರಿಗೆ ಐದು, ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಇರುತ್ತಾರೆ. ಫೋನನ್ನು ಆಲ್ತಾರಿನ ಕೆಳಗೆ ಸ್ಟೂಲಿನ ಮೇಲೆ ಇಡುತ್ತೇವೆ. ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ, ಅರ್ಧ ಮಾತು ಕೇಳಿಸುತ್ತದೆ. ಅಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ನಮ್ಮವರೆಲ್ಲ ಭಾನುವಾರದ ಬಲಿಪೂಜೆಗೆ ಬದಲು ಶುಕ್ರವಾರವೇ ಇಗರ್ಜಿಗೆ ಹೋಗುತ್ತಾರೆ. "ಪಪ್ಪನಿಗೆ ಭಾನುವಾರ ಬೇಗ ಬರ್ತದೆ" ಎನ್ನುವುದು ಚಿಕ್ಕವನ ಲೆಕ್ಕ.

ಇಷ್ಟೆಲ್ಲ ಹೇಳಿದ್ದು ತೇರ್ಸ್ ಮುಗಿದ ಮೇಲೆ ನಡೆಯುವುದನ್ನು ಹೇಳುವುದಕ್ಕೆ. ಕೊನೆಯ ಪ್ರಾರ್ಥನೆ ಆದ ಮೇಲೆ ಚಿಕ್ಕವರು ದೊಡ್ಡವರ ಮುಂದೆ ಕೈಮುಗಿದು ನಿಂತು "ಬೆಸಾಂವ್ ದೀ" ಎಂದು ಕೇಳಬೇಕು. ಆಶೀರ್ವಾದ ಕೊಡು ಅಂತ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಂದ ಶುರು. ಮಕ್ಕಳು ಮೊದಲು ಅಜ್ಜಿಯ ಹತ್ತಿರ, ಆಮೇಲೆ ನನ್ನ ಹತ್ತಿರ, ಕೊನೆಗೆ ಫೋನಿನಲ್ಲಿರುವ ಪಪ್ಪನ ಹತ್ತಿರ ಕೇಳುತ್ತಾರೆ. ನಾನೂ ಅತ್ತೆಯ ಮುಂದೆ ಕೈಮುಗಿದು ಕೇಳುತ್ತೇನೆ. ಬೆಳಿಗ್ಗೆ ಮೀನಿನ ವಿಷಯಕ್ಕೋ, ಚಿಕ್ಕವನಿಗೆ ಮೊಬೈಲ್ ಕೊಟ್ಟ ವಿಷಯಕ್ಕೋ ನಮ್ಮಿಬ್ಬರಿಗೆ ಮಾತು ಬಂದಿರುತ್ತದೆ. ಮಧ್ಯಾಹ್ನವೆಲ್ಲ ಇಬ್ಬರೂ ಮುಖ ಕೊಟ್ಟು ಮಾತಾಡಿರುವುದಿಲ್ಲ. ಆದರೂ ಸಂಜೆ ನಾನು ಕೇಳಲೇಬೇಕು, ಅವರು ಕೊಡಲೇಬೇಕು. ಒಬ್ಬರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುವಾಗ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಬಹಳ ಕಷ್ಟ. ಸೂರ್ಯ ಮುಳುಗುವ ಮೊದಲು ಸಿಟ್ಟು ತೀರಲಿ ಎಂದು ಸಂತ ಪೌಲ ಎಫೆಸದವರಿಗೆ ಬರೆದಿದ್ದಾನೆ. ನಮ್ಮ ಮನೆಯಲ್ಲಿ ಸೂರ್ಯ ಮುಳುಗಿ ಒಂದು ಗಂಟೆ ತಡವಾಗುತ್ತದೆ, ಅಷ್ಟೇ. ಕ್ರೈಸ್ತ ಮನೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಗೋಡೆಯ ಶಿಲುಬೆಗಿಂತ ಮೊದಲು ಇದನ್ನೇ ತೋರಿಸುತ್ತೇನೆ.

ಈಗ ದೊಡ್ಡವಳ ವಿಷಯ.

ನನ್ನ ಮಾವ ತೀರಿಕೊಂಡದ್ದು ನಿನಗೆ ಗೊತ್ತು. ಅವಳಿಗೆ ಅಜ್ಜ ಎಂದರೆ ಜೀವ. ಇವರು ಊರಲ್ಲಿ ಇಲ್ಲದ ವರ್ಷಗಳಲ್ಲಿ ಶಾಲೆಯ ವ್ಯಾನಿನ ತನಕ ಕೈಹಿಡಿದು ಬಿಟ್ಟು ಬಂದದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು ಎಲ್ಲ ಅವರೇ. ಆಸ್ಪತ್ರೆಗೆ ಸೇರಿಸಿದಾಗ ಅವಳು ತಾನಾಗಿಯೇ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹಿಡಿದಳು. ಯಾರೂ ಹೇಳಿರಲಿಲ್ಲ. ಚಾಕಲೇಟ್ ಬಿಟ್ಟಳು, ಟಿವಿ ಬಿಟ್ಟಳು. ನೊವೆನಾ ಮುಗಿಯಿತು, ಅಜ್ಜ ಮನೆಗೆ ಬರಲಿಲ್ಲ. ತಿಂಗಳ ಪೂಜೆ ಮುಗಿಸಿ ಬಂದ ಸಂಜೆ ಚಾಪೆ ಹಾಸುವಾಗ "ನಾನು ಇನ್ನು ಕೂರಲ್ಲ ಮಮ್ಮಿ. ಕೇಳಿದ್ರೂ ಕೊಡದವನನ್ನು ಯಾಕೆ ಕೇಳೋದು?" ಎಂದು ಹೇಳಿ ರೂಮಿಗೆ ಹೋದಳು.

ಅತ್ತೆಗೆ ಅದು ತುಂಬಾ ನೋವಾಯಿತು. ಗಂಡ ಹೋದ ದುಃಖದ ಮೇಲೆ ಇದು ಬೇರೆ. "ಕರೆದು ಕೂರಿಸು, ಈಗ ಬಿಟ್ಟರೆ ಮತ್ತೆ ಬರೋದಿಲ್ಲ" ಎಂದರು. ನಾನು ಕೂರಿಸಲಿಲ್ಲ. ಅವಳು ಕೇಳಿದ್ದು ತಲೆಹರಟೆಯ ಪ್ರಶ್ನೆ ಅಲ್ಲ. ಅಜ್ಜನನ್ನು ಕಳೆದುಕೊಂಡವಳ ಪ್ರಶ್ನೆ. ಅದಕ್ಕೆ ಉತ್ತರ ಎಂದು ಚಾಪೆ ತೋರಿಸುವುದು ನನಗೆ ಸರಿ ಕಾಣಲಿಲ್ಲ. ಹಾಗೆಂದು ತೇರ್ಸನ್ನೂ ನಿಲ್ಲಿಸಲಿಲ್ಲ. ಅವಳ ರೂಮು ಹಾಲಿನ ಪಕ್ಕದಲ್ಲೇ ಇದೆ. ನಾವು ಹೇಳುವುದು ಅವಳಿಗೆ ಕೇಳಿಸುತ್ತಿತ್ತು.

ಸೋಮವಾರ ಮತ್ತು ಶನಿವಾರ ತೇರ್ಸಿನಲ್ಲಿ ಸಂತೋಷದ ರಹಸ್ಯಗಳು. ಐದನೆಯದು, ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲಿ ತಪ್ಪಿಸಿಕೊಂಡು ಮತ್ತೆ ಸಿಕ್ಕಿದ್ದು. ಪಾಸ್ಕ ಹಬ್ಬ ಮುಗಿಸಿ ಊರವರೆಲ್ಲ ಗುಂಪಾಗಿ ಹೊರಟಿರುತ್ತಾರೆ. ಹುಡುಗ ನೆಂಟರ ಜೊತೆ ಇರಬಹುದು ಎಂದು ಅಪ್ಪ ಅಮ್ಮ ಒಂದು ದಿನದ ದಾರಿ ನಡೆದುಬಿಟ್ಟಿರುತ್ತಾರೆ. ವಾಪಸು ಓಡಿ, ಮೂರು ದಿನದ ಮೇಲೆ ದೇವಾಲಯದಲ್ಲಿ ಪಂಡಿತರ ನಡುವೆ ಕೂತವನನ್ನು ಕಾಣುತ್ತಾರೆ. ಮರಿಯ ಎಲ್ಲ ಅಮ್ಮಂದಿರ ಹಾಗೆ ಕೇಳುತ್ತಾಳೆ: ಯಾಕೆ ಮಗ ಹೀಗೆ ಮಾಡಿದೆ, ನಿನ್ನಪ್ಪನೂ ನಾನೂ ಎಷ್ಟು ಕಂಗಾಲಾಗಿ ಹುಡುಕಿದೆವು ಗೊತ್ತಾ? ಅವನು ಕೊಟ್ಟ ಉತ್ತರ ಅವರಿಬ್ಬರಿಗೂ ಅರ್ಥವಾಗಲಿಲ್ಲ ಎಂದು ಶುಭಸಂದೇಶ ಬರೆದ ಲೂಕ ನೇರವಾಗಿ ಹೇಳುತ್ತಾನೆ. ಈ ಭಾಗವನ್ನು ಚಿಕ್ಕಂದಿನಿಂದ ಎಷ್ಟು ಸಲ ಹೇಳಿದ್ದೇನೋ. ಆದರೆ ಮಗಳು ರೂಮಿಗೆ ಹೋದ ದಿನಗಳಲ್ಲಿ ಅದು ನನಗೆ ಬೇರೆ ಥರ ಕೇಳಿಸಿತು. ಅಷ್ಟು ಪವಿತ್ರ ಕುಟುಂಬದಲ್ಲೇ ಮಗನ ಮಾತು ಅಮ್ಮನಿಗೆ ಅರ್ಥವಾಗದ ದಿನ ಇತ್ತು. ಅವಳು ವಾದ ಮಾಡಲಿಲ್ಲ. ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು, ಮಗನನ್ನು ಕರೆದುಕೊಂಡು ನಜರೇತಿಗೆ ಬಂದಳು.

ಇನ್ನೊಬ್ಬಳು ಮಾರ್ತ. ಯೇಸು ಮನೆಗೆ ಬಂದಾಗ ಅವಳ ತಂಗಿ (ಹೆಸರು ಮರಿಯ, ಯೇಸುವಿನ ತಾಯಿ ಅಲ್ಲ) ಅವನ ಪಾದದ ಬಳಿ ಕೂತು ಕೇಳುತ್ತಾಳೆ. ಮಾರ್ತ ಒಳಗೆ ಅಡುಗೆ ಗಡಿಬಿಡಿಯಲ್ಲಿ ಇರುತ್ತಾಳೆ. ನೀನು ಬಹಳ ವಿಷಯಗಳಿಗೆ ತಲೆಕೆಡಿಸಿಕೊಳ್ಳುತ್ತೀಯ ಎಂದು ಯೇಸು ಅವಳಿಗೆ ಹೇಳುತ್ತಾನೆ. ಈ ಭಾಗದ ಪ್ರಸಂಗ ಕೇಳುವಾಗೆಲ್ಲ ಹೆಂಗಸರ ಕಡೆಯ ಬೆಂಚುಗಳಲ್ಲಿ ಒಂದು ಮೌನ ಇರುತ್ತದೆ. ಪೂಜೆ ಮುಗಿಸಿ ಮನೆಗೆ ಹೋಗಿ ಭಾನುವಾರದ ಅಡುಗೆ ಮಾಡಬೇಕಾದವರು ನಾವು ತಾನೇ! ಆದರೆ ಮಾರ್ತಳ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಅವಳ ಸಹೋದರ ಲಾಜರ ಸತ್ತಿದ್ದಾನೆ. ಹೇಳಿಕಳಿಸಿದರೂ ಯೇಸು ತಡವಾಗಿ ಬಂದಿದ್ದಾನೆ. ಮನೆಯಿಂದ ಎದ್ದು ದಾರಿಗೇ ಹೋಗಿ "ನೀವು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ" ಎಂದು ಮುಖಕ್ಕೆ ಹೇಳುವವಳು ಇದೇ ಅಡುಗೆಮನೆಯ ಮಾರ್ತ. ಯೇಸು ಗದರಿಸುವುದಿಲ್ಲ. ಅದೇ ಮಾತುಕತೆಯಲ್ಲಿ ಅವಳ ಬಾಯಿಂದ "ನೀವೇ ದೇವರ ಪುತ್ರ ಎಂದು ನಂಬಿದ್ದೇನೆ" ಎಂಬ ಮಾತೂ ಬರುತ್ತದೆ. ದೂರೂ ನಂಬಿಕೆಯೂ ಒಂದೇ ಬಾಯಿಂದ, ಒಂದೇ ಗಳಿಗೆಯಲ್ಲಿ. ಪ್ರಸಂಗಗಳಲ್ಲಿ ಈ ಮಾರ್ತಳ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಒಂದು ಶನಿವಾರ ಅಲಸಂಡೆ ಮುರಿಯುತ್ತಾ ಕೂತಿದ್ದಾಗ ಇದನ್ನು ದೊಡ್ಡವಳಿಗೆ ಓದಲು ಕೊಟ್ಟೆ. ಓದಿದಳು. "ಲಾಜರನನ್ನು ಸಾವಿನಿಂದ ಎಬ್ಬಿಸಿದ. ಅಜ್ಜನನ್ನು ಎಬ್ಬಿಸಲಿಲ್ಲವಲ್ಲ" ಎಂದಳು. ಹೌದು ಎಂದೆ. ಅದಕ್ಕೆ ನನ್ನ ಹತ್ತಿರ ಬೇರೆ ಮಾತು ಇರಲಿಲ್ಲ, ಇವತ್ತೂ ಇಲ್ಲ. "ಎಬ್ಬಿಸುವುದಕ್ಕೆ ಮೊದಲು ಅವನೂ ಅತ್ತ ಅಂತ ಅಲ್ಲೇ ಬರೆದಿದೆ, ನೋಡಿದೆಯಾ?" ಎಂದಷ್ಟೇ ಕೇಳಿದೆ. ಏನೂ ಹೇಳಲಿಲ್ಲ. ಅಲಸಂಡೆ ಪೂರ್ತಿ ಮುರಿದುಕೊಟ್ಟು ಹೋದಳು.

ನಿನಗೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಇದು. ಕೂರುವುದನ್ನು ಬಿಟ್ಟ ಮಗಳು ಬೆಸಾಂವ್ ಕೇಳುವುದನ್ನು ಬಿಡಲಿಲ್ಲ. ಕೊನೆಯ ಪ್ರಾರ್ಥನೆ ಮುಗಿಯುತ್ತಿದ್ದ ಹಾಗೆ ರೂಮಿನಿಂದ ಬಂದು ಅಜ್ಜಿಯ ಮುಂದೆ ಕೈಮುಗಿದು ನಿಲ್ಲುತ್ತಿದ್ದಳು. ಮೊದಲ ಸಂಜೆ ಅತ್ತೆ ನನ್ನ ಮುಖ ನೋಡಿದರು. ಪ್ರಾರ್ಥನೆಗೆ ಬಾರದವಳಿಗೆ ಬೆಸಾಂವ್ ಯಾಕೆ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಹಣೆಗೆ ಶಿಲುಬೆಯ ಗುರುತು ಹಾಕಿ, ಬೇರೆ ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೈಯನ್ನು ತಲೆಯ ಮೇಲೇ ಇಟ್ಟಿದ್ದರು. ನನ್ನ ಅತ್ತೆ ಜಾಸ್ತಿ ಓದಿದವರಲ್ಲ. ಆದರೆ ಯೇಸುವಿನ ಕರುಣೆ ಎಂದರೆ ಏನು ಎಂದು ನಾನು ಆವತ್ತು ಅವರಿಂದ ಕಲಿತೆ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ನಿನ್ನ ಮಗಳನ್ನು ಎಳೆದು ಕೂರಿಸಬೇಡ. ಆದರೆ ಅವಳು ಬರುವುದಿಲ್ಲ ಎಂದು ನೀನು ದೀಪ ಹಚ್ಚುವುದನ್ನು ನಿಲ್ಲಿಸಬೇಡ. ನಿಮ್ಮಲ್ಲೂ ಹಿರಿಯರ ಕಾಲಿಗೆ ಬೀಳುವುದು, ಆಶೀರ್ವಾದ ಕೇಳುವುದು ಇದೆಯಲ್ಲ, ಅಷ್ಟನ್ನು ಮಾತ್ರ ಬಿಡದಂತೆ ನೋಡಿಕೋ. ಅದಕ್ಕೆ ಷರತ್ತು ಹಾಕಬೇಡ. ನಮ್ಮಲ್ಲಿ ಸಂತ ಮೋನಿಕಾ ಎಂದು ಇದ್ದಾಳೆ, ಸಂತ ಅಗಸ್ಟೀನನ ತಾಯಿ. ದಾರಿ ಬಿಟ್ಟ ಮಗನಿಗಾಗಿ ವರ್ಷಗಟ್ಟಲೆ ಅತ್ತಳು ಎಂದು ಅವಳ ಕಣ್ಣೀರನ್ನೇ ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸುವುದು ಬೇರೆ. ಆ ತಾಯಿ ಆಫ್ರಿಕಾದಿಂದ ಸಮುದ್ರ ದಾಟಿ ಇಟಲಿಗೆ, ಮಿಲಾನಿನ ತನಕ ಮಗನ ಹಿಂದೆ ಹೋದಳು. ಅವನು 387ರಲ್ಲಿ ದೀಕ್ಷಾಸ್ನಾನ ಪಡೆದಾಗ ಅವನಿಗೆ ಮೂವತ್ತು ದಾಟಿತ್ತು. ಅದೇ ವರ್ಷ ಅವಳು ತೀರಿಕೊಂಡಳು. ಅಷ್ಟು ಕಾಲ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇರುವುದು ತಾಯಿಯ ಕೆಲಸ. ನಂಬಿಕೆ ಕೊಡುವುದು ದೇವರ ಕೆಲಸ, ಅದನ್ನು ನಾನು ಅವನ ಕೈಗೇ ಬಿಟ್ಟಿದ್ದೇನೆ.

ಚಿಕ್ಕವನದು ಸದ್ಯಕ್ಕೆ ಸಲೀಸು. ಭಾನುವಾರ ಪೂಜೆ ಆದ ಮೇಲೆ ದೊತೊರ್ನ್ ಕ್ಲಾಸಿಗೆ, ಅಂದರೆ ಧರ್ಮಪಾಠಕ್ಕೆ, ಹೋಗುತ್ತಾನೆ, ಮೊದಲ ಪರಮಪ್ರಸಾದಕ್ಕೆ ತಯಾರಿ ನಡೆಯುತ್ತಿದೆ. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಇಲ್ಲ ಎಂದರೆ ಗೊಣಗುವುದಿಲ್ಲ. ಐಸ್‌ಕ್ರೀಮಿನ ದುಡ್ಡನ್ನು ಡಬ್ಬಿಗೆ ಹಾಕಿ, ಬಡವರಿಗೆ ಎಂದು ತಾನೇ ಇಗರ್ಜಿಗೆ ಕೊಟ್ಟು ಬಂದ. ಅವನಿಗೂ ಪ್ರಶ್ನೆಗಳ ವಯಸ್ಸು ಬರುತ್ತದೆ. ಬರಲಿ.

ಈಗ ಮೊಂತಿ ಫೆಸ್ತ್ ಹತ್ತಿರ ಬಂತು. ಮಾತೆ ಮರಿಯ ಹುಟ್ಟಿದ ಹಬ್ಬ, ಸೆಪ್ಟೆಂಬರ್ 8. ನಮ್ಮ ಕಡೆ ಈ ಹಬ್ಬದ ಮೂಲವನ್ನು ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಗೆ, 1763ನೇ ಇಸವಿಗೆ ಹೇಳುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹೂ ಕೊಯ್ಯಲು ತಮ್ಮನನ್ನು ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ದೊಡ್ಡವಳು ನಿನ್ನೆ ಹೇಳಿದಳು. ನಾನು ಏನೂ ಕೇಳಲಿಲ್ಲ, ಬುಟ್ಟಿ ಅಟ್ಟದಿಂದ ಇಳಿಸಿಕೊಟ್ಟೆ.

8ನೇ ತಾರೀಕು ನೀನು ಬರಲೇಬೇಕು. ಅಮ್ಮನನ್ನೂ ಕರೆದುಕೊಂಡು ಬಾ. ಆ ದಿನ ಮನೆಯಲ್ಲಿ ಮೀನು, ಮಾಂಸ ಏನೂ ಇಲ್ಲ, ಎಲೆಯ ಮೇಲೆ ತರಕಾರಿ ಊಟ. ಅವರಿಗೂ ಸಂಕೋಚ ಆಗುವುದಿಲ್ಲ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆ ತಂದು, ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ತಿನ್ನುತ್ತೇವೆ. ಇವರಿಗೆಂದು ಒಂದಿಷ್ಟು ಕಾಳನ್ನು ಕಾಗದದಲ್ಲಿ ಕಟ್ಟಿ ಇಡುತ್ತೇನೆ, ಕುವೈತಿಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ನಿನ್ನ ಮಗಳನ್ನೂ ಕೇಳು, ಒತ್ತಾಯ ಮಾಡಬೇಡ. ಬಂದರೆ ನನ್ನ ಮಗಳ ರೂಮಿನಲ್ಲಿ ಮಲಗಲಿ, ಇಬ್ಬರದೂ ಒಂದೇ ವಯಸ್ಸು. ಮಳೆ ಇನ್ನೂ ಇರುತ್ತದೆ, ಘಾಟಿ ದಾರಿ, ಹಗಲು ಬಸ್ಸಿಗೇ ಹೊರಡಿ. ಎಷ್ಟು ಜನ ಎಂದು ಎರಡು ದಿನ ಮೊದಲೇ ಹೇಳು, ಕೆಸುವಿನ ದಂಟು ಮತ್ತು ಎಲೆ ಅಷ್ಟು ತರಿಸಿ ಇಡಬೇಕು.

ನಿನ್ನ ಪ್ರೀತಿಯ ಗೆಳತಿ