ಟೋಕನ್ ಕೊಡುವ ಮುಂಚೆ: ಮೊದಲ ಮನೆ ಕೊಳ್ಳುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಫೋಟೊಗಳನ್ನೆಲ್ಲ ನೋಡಿದೆ. ಮೂರನೇ ಮಹಡಿ, ಪೂರ್ವಕ್ಕೆ ಬಾಗಿಲು, ಮಗಳ ಶಾಲೆಗೂ ಹತ್ತಿರ. ಮನೆ ನಿಜಕ್ಕೂ ಚೆನ್ನಾಗಿದೆ. ಆದರೆ ಭಾನುವಾರದೊಳಗೆ ಎರಡು ಲಕ್ಷ ಟೋಕನ್, ಅಂದರೆ ಮುಂಗಡ, ಕೊಡದಿದ್ದರೆ ಬೇರೆ ಪಾರ್ಟಿ ಕಾಯುತ್ತಿದೆ ಎಂದು ಮಾರುವವರು ಹೇಳಿದರಂತಲ್ಲ, ಆ ಮಾತಿಗೆ ಮಾತ್ರ ಸೊಪ್ಪು ಹಾಕಬೇಡ. ಬೆಂಗಳೂರಲ್ಲಿ ಹೀಗೆ ಮೊದಲ ಮನೆ ಹುಡುಕುತ್ತಿರುವವರು ನಿನ್ನಂತೆ ಬಹಳ ಜನ ಇದ್ದಾರೆ, ಅವರಿಗೂ ಉಪಯೋಗವಾಗಲಿ ಎಂದು ನಿನ್ನ ಹೆಸರು ಹಾಕದೆ ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ.

ಟೋಕನ್ ಕೊಡುವವರೆಗೆ ಅವರು ನಿನ್ನ ಹಿಂದೆ ಬರುತ್ತಾರೆ. ಕೊಟ್ಟ ಮೇಲೆ ನೀನು ಅವರ ಹಿಂದೆ ಅಲೆಯಬೇಕು. ಕೇಳಬೇಕಾದ ಪ್ರಶ್ನೆ, ನೋಡಬೇಕಾದ ಕಾಗದ, ಹಾಕಬೇಕಾದ ಲೆಕ್ಕ ಎಲ್ಲವೂ ಆ ಎರಡು ಲಕ್ಷ ನಿನ್ನ ಕೈಲಿರುವಾಗಲೇ ಆಗಬೇಕು. ಅನಿವಾರ್ಯವಾಗಿ ಕೊಡಲೇಬೇಕಾದರೆ ರಸೀದಿಯಲ್ಲಿ ಒಂದು ಸಾಲು ಬರೆಸಿಕೋ: ಕಾಗದಪತ್ರ ಸರಿಯಿಲ್ಲದಿದ್ದರೆ ಅಥವಾ ಸಾಲ ಮಂಜೂರಾಗದಿದ್ದರೆ ಪೂರ್ತಿ ಹಣ ವಾಪಸ್. ಆ ಸಾಲು ಬರೆಯಲು ಹಿಂದೇಟು ಹಾಕಿದರೆ ಅಲ್ಲಿಗೇ ನಿನಗೆ ಅರ್ಧ ಉತ್ತರ ಸಿಕ್ಕಿತು. ಮನೆ ಕೊಳ್ಳುವವರ ರಕ್ಷಣೆಗಿರುವ ರೆರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಆಗದೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಇದೂ ನೆನಪಿರಲಿ.

ಈಗ ದುಡ್ಡಿನ ಲೆಕ್ಕ. ಮನೆ 80 ಲಕ್ಷ, ಬ್ಯಾಂಕು ಶೇ 80 ಕೊಡುತ್ತದೆ, ಕೈಲಿ 16 ಲಕ್ಷ ಇದ್ದರೆ ಸಾಕು ಎಂದೆ. ಸಾಲದು ಕಣೋ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿದರೆ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6 ಅಂದರೆ 6 ಲಕ್ಷದ 8 ಸಾವಿರ. ಸರ್ಕಾರದ ಮಾರ್ಗಸೂಚಿ ದರದ ಪ್ರಕಾರ ಬೆಲೆ ಇದಕ್ಕಿಂತ ಜಾಸ್ತಿ ಬಂದರೆ ಆ ಜಾಸ್ತಿ ಬೆಲೆಯ ಮೇಲೆಯೇ ಕಟ್ಟಬೇಕು. ಈ ಖರ್ಚನ್ನು ಬ್ಯಾಂಕು ಮನೆಯ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವುದಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಅಲ್ಲಿಗೆ 22 ಲಕ್ಷ ಆಯಿತು. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಅಪಾರ್ಟ್‌ಮೆಂಟಿನ ಮುಂಗಡ ಮೇಂಟೆನೆನ್ಸ್, ಅಡುಗೆಮನೆಯ ಮರಗೆಲಸ, ಫ್ಯಾನು, ಪರದೆ, ಗೃಹಪ್ರವೇಶದ ಊಟ, ಇವೆಲ್ಲ ಆಮೇಲೆ ಬರುತ್ತವೆ. 27-28 ಲಕ್ಷ ಇಲ್ಲದೆ ಈ ಮನೆಗೆ ಕೈ ಹಾಕಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ದೊಡ್ಡ ಮೊತ್ತ ಇದೆ. ಕಟ್ಟಡಕ್ಕೆ ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಬಂದಿದೆಯಾ? ಬರುವ ಮುಂಚೆ ಬಿಲ್ಡರ್ ಮಾರಿದರೆ ನಿನ್ನ ಬೆಲೆಯ ಮನೆಗೆ ಶೇ 5 ಜಿಎಸ್‌ಟಿ, 4 ಲಕ್ಷ. ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ‘ಅಪ್ಲೈ ಮಾಡಿದ್ದೀವಿ ಸಾರ್, ಮುಂದಿನ ತಿಂಗಳು ಬರುತ್ತೆ’ ಎಂದರೆ ಬಂದ ಮೇಲೆ ಬರುತ್ತೇನೆ ಎನ್ನು. ಹಾಗನ್ನಲು ಜಿಎಸ್‌ಟಿಗಿಂತ ದೊಡ್ಡ ಕಾರಣವೂ ಇದೆ. ಓಸಿ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಸಾಲವನ್ನೂ ಅದನ್ನು ಪರಿಶೀಲಿಸಿಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಆ ಮೇಲೆ ಬೆಂಗಳೂರಿನಲ್ಲಿ ಮನೆ ಕಟ್ಟಿ ಮುಗಿಸಿಯೂ ಪರ್ಮನೆಂಟ್ ಕರೆಂಟಿಗೆ ಪರದಾಡಿದವರು ಬಹಳ. ಪ್ಲಾನ್‌ನಲ್ಲಿ ನಾಲ್ಕು ಮಹಡಿ ಇದ್ದು ಐದು ಕಟ್ಟಿದ್ದರೆ ಓಸಿ ಬರುವುದೇ ಕಷ್ಟ, ನಿನ್ನದು ಮೂರನೆಯದ್ದಾದರೂ ಅದರ ಬಿಸಿ ನಿನಗೂ ತಟ್ಟುತ್ತದೆ. ಮಂಜೂರಾದ ನಕ್ಷೆ ಕೈಲಿ ಹಿಡಿದು ಕೆಳಗೆ ನಿಂತು ಮಹಡಿ ಎಣಿಸು.

ಕಾಗದದ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬೆಂಗಳೂರಿನ ಸುತ್ತಲಿನ ಅಪಾರ್ಟ್‌ಮೆಂಟುಗಳ ಕೆಳಗಿನ ನೆಲ ಹಿಂದೆ ಯಾರದೋ ರಾಗಿ ಹೊಲ. ಆ ಹೊಲ ಯಾರಿಂದ ಯಾರಿಗೆ, ಹೇಗೆ ಬಂತು ಎಂಬುದೇ ನಿನ್ನ ಮನೆಯ ಬುನಾದಿ. ಮದರ್ ಡೀಡ್, ಅಂದರೆ ಜಮೀನಿನ ಹಳೆಯ ಮೂಲಪತ್ರದಿಂದ ಇಂದಿನವರೆಗೆ ಕೊಂಡಿ ಕಳಚದಂತೆ ಕ್ರಯಪತ್ರ, ವಿಭಾಗಪತ್ರ, ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಭೂ ಪರಿವರ್ತನೆಯ ಆದೇಶ ಇರಬೇಕು. ವಂಶವೃಕ್ಷ ಕೇಳು. ಕೇಳಿದ ಮೇಲೆ ಅದರಲ್ಲಿರುವ ಹೆಣ್ಣುಮಕ್ಕಳನ್ನು ಎಣಿಸು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ವಂಶವೃಕ್ಷದಲ್ಲಿ ಮೂವರು ಅಕ್ಕತಂಗಿಯರಿದ್ದು ಪತ್ರದಲ್ಲಿ ಅಣ್ಣತಮ್ಮಂದಿರ ಸಹಿ ಮಾತ್ರ ಇದ್ದರೆ ಆ ಪಾಲಿನ ಪ್ರಶ್ನೆ ಇನ್ನೂ ಬದುಕಿರಬಹುದು ಎಂದರ್ಥ. ನನಗೆ ಗೊತ್ತಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ ಜಮೀನಿನವರ ತಂಗಿ ಪಾಲು ಕೇಳಿ ದಾವೆ ಹೂಡಿದ್ದಾರೆ. ಅವರು ಕೇಳುತ್ತಿರುವುದು ನ್ಯಾಯವೇ. ಆದರೆ ಅಲ್ಲಿ ಮನೆ ಕೊಂಡವರು ಈಗ ಮಾರಲೂ ಆಗದೆ ನೆಮ್ಮದಿಯಾಗಿ ಇರಲೂ ಆಗದೆ ಕೋರ್ಟಿನ ಮುಂದಿನ ತಾರೀಖು ಕಾಯುತ್ತಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ ಎಂಬುದನ್ನೂ ತಪ್ಪದೆ ನೋಡಿಸು. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಕೈ ಬದಲಾಯಿಸಿದ್ದರೆ ಆ ಮಾರಾಟವೇ ಊರ್ಜಿತವಲ್ಲ.

ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, ತೆಗೆಯುವುದು ಈಗ ಸುಲಭ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮನೆಯಲ್ಲಿ ಕೂತೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಅದನ್ನು ಓದುವ ಕ್ರಮ ಹೀಗೆ: ಪ್ರತಿ ಸಾಲಿನಲ್ಲೂ ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು ನೋಡು. ಈ ಸಾಲಿನಲ್ಲಿ ಬರೆಸಿಕೊಂಡವರೇ ಮುಂದಿನ ಮಾರಾಟದಲ್ಲಿ ಬರೆದುಕೊಟ್ಟವರಾಗಿರಬೇಕು. ನಡುವೆ ಹೊಸ ಹೆಸರು ನುಸುಳಿದ್ದರೆ ಅಲ್ಲಿ ನಿಲ್ಲು. ಅಡಮಾನದ ಸಾಲು ಇದ್ದರೆ ಅದು ತೀರಿದ ಸಾಲೂ ಇರಬೇಕು. ಆಮೇಲೆ ಚಕ್ಕುಬಂದಿ ಓದು. ‘ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಜಮೀನು’ ಎಂದಿದ್ದರೆ ಜಾಗಕ್ಕೆ ಹೋಗಿ ನಾಲ್ಕು ದಿಕ್ಕಿಗೂ ನಿಂತು ತಾಳೆ ನೋಡು. ಹಳೆಯ ಪತ್ರದಲ್ಲಿ ಪಶ್ಚಿಮಕ್ಕೆ ಹಳ್ಳ ಅಥವಾ ಕಾಲುವೆ ಎಂದಿದ್ದು ಹೊಸ ಪತ್ರದಲ್ಲಿ ರಸ್ತೆ ಎಂದಾಗಿದ್ದರೆ ಅದು ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಇರಬಹುದು. ರಾಜಕಾಲುವೆ ಒತ್ತುವರಿಗೆ ಜೆಸಿಬಿ ಬಂದದ್ದನ್ನು ಈ ಊರಲ್ಲಿ ನಾವೆಲ್ಲ ನೋಡಿದ್ದೇವೆ.

ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. ನೋಂದಣಿಯಾಗದ ಅಗ್ರಿಮೆಂಟು, ಉಯಿಲು, ಕೋರ್ಟಿನ ದಾವೆ ಅದರಲ್ಲಿ ಸಿಗದೇ ಇರಬಹುದು. ಅದಕ್ಕೇ ವಕೀಲರು ಬೇಕು, ಬಿಲ್ಡರ್ ತೋರಿಸಿದವರಲ್ಲ, ನೀನೇ ದುಡ್ಡು ಕೊಟ್ಟು ಹಿಡಿದವರು. ಅಭಿಪ್ರಾಯ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಬೇಕು. ‘ಬ್ಯಾಂಕೇ ಲೋನ್ ಕೊಡುತ್ತೆ, ಇನ್ನೇನು ಲೀಗಲ್ಲು’ ಎಂದು ನಿನ್ನ ಭಾವ ಹೇಳಿದರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬ್ಯಾಂಕು ತನ್ನ ಸಾಲ ವಸೂಲಾಗುತ್ತದೆಯೇ ಎಂದು ನೋಡುತ್ತದೆ. ನಾಳೆ ಮನೆಗೆ ತಕರಾರು ಬಂದರೂ ಕಂತು ನಿನ್ನ ಸಂಬಳದಿಂದ ಹೋಗುತ್ತಲೇ ಇರುತ್ತದೆ.

ಜಮೀನಿನವರೂ ಬಿಲ್ಡರೂ ಸೇರಿ ಜಂಟಿ ಒಪ್ಪಂದದಲ್ಲಿ ಕಟ್ಟಿದ್ದರೆ ಫ್ಲಾಟುಗಳನ್ನು ಅವರೊಳಗೆ ಹಂಚಿಕೊಂಡ ಪತ್ರ ಒಂದಿರುತ್ತದೆ. ನಿನ್ನ ಫ್ಲಾಟ್ ನಂಬರು ಯಾರ ಪಾಲಿಗೆ ಬಂದಿದೆ ಎಂದು ಅದರಲ್ಲಿ ನೋಡು. ತನ್ನ ಪಾಲಿಗೆ ಬಾರದ ಫ್ಲಾಟಿಗೆ ಬಿಲ್ಡರ್ ಅಡ್ವಾನ್ಸ್ ತೆಗೆದುಕೊಂಡಿದ್ದರೆ ನಿನ್ನ ಗತಿ ಏನು?

ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಗರದಲ್ಲಿ ಈಗ ಅದರ ಆನ್‌ಲೈನ್ ರೂಪವಾದ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ. ಆದರೆ ಇ-ಖಾತಾ ಇದೆ ಎಂದ ಮಾತ್ರಕ್ಕೆ ಅದು ನಿಯಮಬದ್ಧ ಆಸ್ತಿಗೆ ಕೊಡುವ ಎ ಖಾತಾ ಎಂದಾಗುವುದಿಲ್ಲ, ನಿಯಮ ಪೂರ್ತಿ ಪಾಲಿಸದ ಆಸ್ತಿಯ ಬಿ ಖಾತಾಕ್ಕೂ ಇ-ಖಾತಾ ಬರುತ್ತದೆ. ಅದರ ಮೇಲೆ ಏನು ಬರೆದಿದೆ ಓದು. ಎ ಮಾಡಿಸಿಕೊಡುತ್ತೇವೆ ಎಂದರೆ ಮಾಡಿಸಿದ ಮೇಲೆ ಕರೆಯಲಿ. ರೆರಾ ನೋಂದಣಿ ಸಂಖ್ಯೆ ಹಾಕಿ ರೆರಾದ ವೆಬ್‌ಸೈಟಿನಲ್ಲಿ ಯೋಜನೆ ಹುಡುಕು, ಬಿಲ್ಡರ್ ತಾನೇ ಸಲ್ಲಿಸಿದ ನಕ್ಷೆ, ಕಾರ್ಪೆಟ್ ಏರಿಯಾ (ಗೋಡೆಯೊಳಗಿನ ಜಾಗ), ಮುಗಿಸುವ ದಿನಾಂಕ ಅಲ್ಲಿರುತ್ತವೆ. 1,200 ಚದರಡಿ ಎಂದು ಅವರು ಹೇಳುತ್ತಿರುವುದು ಸೂಪರ್ ಬಿಲ್ಟ್ ಅಪ್. ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲೂ ಅದರೊಳಗೇ ಸೇರಿದೆ. ಗೋಡೆಯೊಳಗೆ ನೀನು ಚಾಪೆ ಹಾಸಿ ಮಲಗುವ ಜಾಗ 850 ಇದ್ದರೆ ಹೆಚ್ಚು. ಟೇಪು ಹಿಡಿದು ಅಳೆ.

ಸಾಲಕ್ಕೆ ಬರೋಣ. 64 ಲಕ್ಷ, ಬಡ್ಡಿ ಶೇ 8.5 ಎಂದಿಟ್ಟುಕೋ. 20 ವರ್ಷಕ್ಕೆ ಕಂತು ಸುಮಾರು 55,540 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 45,333 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು ಹತ್ತು ಸಾವಿರ ಚಿಲ್ಲರೆ. 30 ವರ್ಷ ಮಾಡಿಕೊಳ್ಳಿ, ಕಂತು ಕಡಿಮೆ ಎನ್ನುತ್ತಾರೆ. ಕಂತು 49,210ಕ್ಕೆ ಇಳಿಯುತ್ತದೆ ನಿಜ, ಆದರೆ 69 ಲಕ್ಷ ಇದ್ದ ಒಟ್ಟು ಬಡ್ಡಿ 1 ಕೋಟಿ 13 ಲಕ್ಷವಾಗುತ್ತದೆ. ತಿಂಗಳಿಗೆ ಆರು ಸಾವಿರ ಚಿಲ್ಲರೆ ಉಳಿಸಲು ಹೋಗಿ 44 ಲಕ್ಷ ಹೆಚ್ಚು ಕಟ್ಟುವುದು ಬೇಡ. ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೋನಸ್ ಬಂದಾಗ ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಮುಗಿಯುತ್ತದೆ. ಬಡ್ಡಿ ಏರಿದಾಗ ಬ್ಯಾಂಕು ಕಂತು ಏರಿಸದೆ ಅವಧಿಯನ್ನೇ ಉದ್ದ ಮಾಡುವುದುಂಟು. ಹಾಗಾದಾಗ ಕಂತು ಏರಿಸಿ ಎಂದು ಕೇಳುವ ಹಕ್ಕು ನಿನಗಿದೆ, 2023ರಲ್ಲೇ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿದೆ.

ಬ್ಯಾಂಕು ನಿನಗೆ ಎಷ್ಟು ಸಾಲ ಕೊಡಬಹುದು ಎನ್ನುತ್ತದೋ ಅಷ್ಟನ್ನು ನೀನು ತಡೆದುಕೊಳ್ಳಬಲ್ಲೆ ಎಂದೇನೂ ಅಲ್ಲ. ಅದನ್ನು ನೀನೇ ಪರೀಕ್ಷೆ ಮಾಡಿ ನೋಡಬಹುದು. ಈಗ ಬಾಡಿಗೆ 22,000 ಕೊಡುತ್ತಿದ್ದೀಯ. ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸ ಮೂವತ್ಮೂರೂವರೆ ಸಾವಿರವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ ನಾಲ್ಕಾರು ತಿಂಗಳು ಸಂಸಾರ ನಡೆಸಿ ನೋಡು. ಮಗಳ ಫೀಸು, ಊರಿನ ಹಬ್ಬ, ಆಸ್ಪತ್ರೆ ಎಲ್ಲ ಆದ ಮೇಲೂ ಆ ಹಣ ಹಾಗೇ ಉಳಿದರೆ ನಿನಗೆ ಧೈರ್ಯ ಬರುತ್ತದೆ. ಪ್ರತಿ ತಿಂಗಳೂ ಅದಕ್ಕೆ ಕೈ ಹಾಕುವಂತಾದರೆ 60 ಲಕ್ಷದ ಮನೆ ಹುಡುಕೋಣ. ತೆರಿಗೆ ಉಳಿಯುತ್ತದೆ ಎಂಬ ಆಸೆಗಂತೂ ಸಾಲ ಮಾಡಬೇಡ, ನೀನಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಸಾಲದ ಜೊತೆ ಬ್ಯಾಂಕಿನವರು ಅಂಟಿಸುವ ವಿಮೆಗೆ ತಲೆಯಾಡಿಸಬೇಡ. ಸಾಲದಷ್ಟು ಮೊತ್ತದ ಟರ್ಮ್ ಜೀವವಿಮೆ ಪಾಲಿಸಿ ಬೇರೆಯಾಗಿ ಮಾಡಿಸು, ಅದನ್ನು ಮಾತ್ರ ಮುಂದೂಡಬೇಡ.

ಅಪ್ಪ ನಿವೃತ್ತಿಯ ಹಣ ಕೊಡುತ್ತೇನೆ ಎಂದಿದ್ದಾರೆ ಎಂದೆ. ತೆಗೆದುಕೊಳ್ಳಬೇಡವೋ. ಅವರು ಪ್ರೀತಿಯಿಂದಲೇ ಕೊಡುತ್ತಾರೆ, ಬೇಡ ಎಂದರೆ ನೊಂದುಕೊಳ್ಳಬಹುದು. ಆದರೆ ಈ ವಯಸ್ಸಿನಲ್ಲಿ ಅವರಿಗೂ ಅಮ್ಮನಿಗೂ ಒಂದು ಆಪರೇಷನ್ ಬಂದರೆ ಆ ಹಣ ಗೋಡೆಯಲ್ಲಿ ಸೇರಿಹೋಗಿರುತ್ತದೆ. ಅವರ ಎಫ್‌ಡಿ ಅವರ ಹೆಸರಲ್ಲೇ ಇರಲಿ.

ನೀರಿನ ವಿಷಯ ಮರೆಯಬೇಡ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಗಿ ಬಂದಿತ್ತಲ್ಲ. ಆ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ಹೊರವಲಯದ 110 ಹಳ್ಳಿಗಳಿಗೆ ನೀರು ಎಂದರು. ಆದರೆ ರಸ್ತೆಯಲ್ಲಿ ಪೈಪು ಇದ್ದ ಮಾತ್ರಕ್ಕೆ ಕಟ್ಟಡಕ್ಕೆ ಸಂಪರ್ಕ ಇದೆ ಎಂದಲ್ಲ. ಜಲಮಂಡಳಿಯ ಬಿಲ್ ತೋರಿಸಿ ಎನ್ನು. ಬೆಳಿಗ್ಗೆ ಆರಕ್ಕೆ ಆ ಬೀದಿಗೆ ಹೋಗು, ಟ್ಯಾಂಕರ್ ಎಷ್ಟು ಬರುತ್ತವೆ ಎಂದು ಸೆಕ್ಯೂರಿಟಿಯವರನ್ನೂ ಎದುರಿನ ಅಂಗಡಿಯವರನ್ನೂ ಮಾತನಾಡಿಸು. ಸೇಲ್ಸ್‌ನವರ ಬಾಯಲ್ಲಿ ಬಾರದ್ದು ಅವರ ಬಾಯಲ್ಲಿ ಬರುತ್ತದೆ.

ಎಲ್ಲ ಸರಿಹೋಗಿ ನೋಂದಣಿಯವರೆಗೆ ಬಂದರೆ ಪಾವತಿಯೆಲ್ಲ ಬ್ಯಾಂಕಿನ ಮೂಲಕವೇ ಆಗಲಿ. ‘ಸ್ವಲ್ಪ ಕ್ಯಾಶ್ ಕೊಟ್ಟರೆ ಕಡಿಮೆ ಮಾಡ್ತೀವಿ’ ಎಂದರೆ ಒಪ್ಪಬೇಡ, ಪತ್ರದಲ್ಲಿ ಕಾಣದ ಹಣವನ್ನು ನಾಳೆ ವಾಪಸ್ ಕೇಳಲಾಗದು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿಯಾದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ (ಟಿಡಿಎಸ್) ಮುರಿದುಕೊಂಡು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು ನಿನ್ನ ಜವಾಬ್ದಾರಿ, 80 ಸಾವಿರ. ಮಾರುವವರು ಅನಿವಾಸಿ ಭಾರತೀಯರಾದರೆ ಲೆಕ್ಕ ಬೇರೆ, ದರವೂ ಹೆಚ್ಚು, ಆಡಿಟರ್ ಹತ್ತಿರ ಹೋಗಲೇಬೇಕು. ಕ್ರಯಪತ್ರದ ಕರಡು ನಾಲ್ಕು ದಿನ ಮುಂಚೆಯೇ ಕೇಳಿ ತರಿಸಿಕೊಂಡು ಗಂಡಹೆಂಡತಿ ಇಬ್ಬರೂ ಓದಿ. ಇಬ್ಬರ ಹೆಸರಲ್ಲೂ ಮಾಡಿಸು. ಹೆಸರಿನ ಕಾಗುಣಿತ, ಫ್ಲಾಟ್ ಸಂಖ್ಯೆ, ನೆಲದಲ್ಲಿ ನಿನಗೆ ಬರುವ ಅವಿಭಜಿತ ಪಾಲು ಎಷ್ಟು ಚದರಡಿ, ಕಾರ್ ಪಾರ್ಕಿಂಗ್ ಯಾವುದು, ಇಷ್ಟನ್ನು ಬೆರಳಿಟ್ಟು ನೋಡಿ. ತಪ್ಪು ತಿದ್ದುಪಡಿಗೆ ಆಮೇಲೆ ಮತ್ತೊಂದು ಪತ್ರ ಮಾಡಿಸಬೇಕಾಗುತ್ತದೆ, ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು.

ಮದರ್ ಡೀಡ್, ಇಸಿ, ಓಸಿ, ಇ-ಖಾತಾ, ಜಂಟಿ ಒಪ್ಪಂದ, ಮಂಜೂರಾದ ನಕ್ಷೆ, ಈ ಆರರ ಪ್ರತಿಗಳನ್ನು ಇವತ್ತೇ ಕೇಳು. ಬಂದ ತಕ್ಷಣ ನನಗೂ ಒಂದು ಸೆಟ್ ಕಳಿಸು. ವಕೀಲರಿಗೆ ಕೊಡುವ ಮುಂಚೆ ಇಬ್ಬರೂ ಕೂತು ಒಮ್ಮೆ ಓದೋಣ.

ನಿನ್ನ,
ಹಳೆಯ ರೂಮ್‌ಮೇಟ್