ಇನ್ನೊಂದು ಸಲ ಪ್ರಸಾದ ಕೇಳಬೇಡಿ

ನ್ಯೂರೆಂಬರ್ಗ್, ಜರ್ಮನಿ
ಭಾನುವಾರ

ಆಯಿಗೆ, ಅಪ್ಪಯ್ಯನಿಗೆ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನಿನ್ನ ಕಾಗದ, ಒಳಗೆ ಮಡಚಿಟ್ಟ ಮಾರಿಕಾಂಬೆಯ ಕುಂಕುಮ, ಎರಡೂ ಸೇರಿದವು. ಫೋನಿನಲ್ಲಿ ಮಾತಾಡಿದರೆ ಅಪ್ಪಯ್ಯ ಸ್ಪೀಕರ್ ಹಾಕಿಸಿ ನಡುವೆ ಬಾಯಿ ಹಾಕುತ್ತಾನೆ, ನೀನು ಸುಮ್ಮನಾಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹೃದಯಾಘಾತವಾದ ಮೇಲೂ ಅಪ್ಪಯ್ಯ ರಕ್ತನಾಳ ನೋಡುವ ಆಂಜಿಯೋಗ್ರಾಂಗೆ ಹುಬ್ಬಳ್ಳಿಗೆ ಹೋಗುವುದನ್ನು ಮುಂದೆ ಹಾಕಿದ್ದು ಓದಿ ನನಗೆ ನಿದ್ದೆ ಬರಲಿಲ್ಲ. ಗಣಪತಿ ದೇವಸ್ಥಾನದಲ್ಲಿ ಪ್ರಸಾದ ಕೇಳಿದರೆ ಹೂವು ಎಡಕ್ಕೆ ಬಿತ್ತು, ಅಂದರೆ ಬೇಡ ಅಂತ, ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ಇನ್ನೊಂದು ಸಲ ಕೇಳಿ ನೋಡೋಣ ಅನ್ನುತ್ತಾನಂತೆ. ಪ್ರಸಾದದ ಬಗ್ಗೆ ನಾನು ಹಗುರವಾಗಿ ಮಾತಾಡುವವಳಲ್ಲ. ನನ್ನನ್ನು ಇಲ್ಲಿಗೆ ಕಳಿಸುವಾಗಲೂ ಕೇಳಿಯೇ ಕಳಿಸಿದ್ದೀರಿ. ಆದರೆ ದೇವರು ಒಮ್ಮೆ ಉತ್ತರ ಕೊಟ್ಟಾದ ಮೇಲೆ ಮತ್ತೆ ಮತ್ತೆ ಅದನ್ನೇ ಕೇಳುವುದು ಸರಿಯಾ?

ಉತ್ತರ ಯಾವಾಗ ಬಂತು ಅನ್ನುತ್ತೀಯಾ? ನೀನೇ ಬರೆದಿದ್ದೀಯ ನೋಡು. ಎದೆ ಉರಿ ಅನ್ನುತ್ತಾನೆ, ಗ್ಯಾಸು ಅಂತ ಜೀರಿಗೆ ಕಷಾಯ ಕುಡಿದು ಕೂರುತ್ತಾನೆ, ಹೇಗಾದರೂ ಮಾಡಿ ಡಾಕ್ಟರ ಮುಂದೆ ಕೂರಿಸು ತಾಯಿ, ನಿನಗೆ ಉಡಿ ತುಂಬುತ್ತೇನೆ ಅಂತ ಆವತ್ತು ಬೆಳಗ್ಗೆ ದೀಪ ಹಚ್ಚುವಾಗ ಬೇಡಿಕೊಂಡೆಯಂತೆ. ಅದಾದ ಸ್ವಲ್ಪ ಹೊತ್ತಿಗೇ ಜೀಪು ಸ್ಟಾರ್ಟ್ ಆಗಲಿಲ್ಲ. ಅಪ್ಪಯ್ಯ ಜೀಪಿಗೆ ಬೈದು, ಶ್ರೀಪಾದನಿಗೆ ಬೈದು, ಬಸ್ಸು ಹತ್ತಿದ. ಜೀಪು ಸರಿ ಇದ್ದಿದ್ದರೆ ಒಬ್ಬನೇ ಓಡಿಸಿಕೊಂಡು ಹೋಗುತ್ತಿದ್ದ. ಆ ತಿರುವುಗಳಲ್ಲಿ ಎದೆ ಹಿಡಿದುಕೊಂಡಿದ್ದರೆ? ನನಗೆ ಯೋಚಿಸಲಿಕ್ಕೂ ಆಗುವುದಿಲ್ಲ.

ಕಂಡಕ್ಟರ್ ಚಿಲ್ಲರೆ ಕೊಡಲು ಬಂದವನು ಅಪ್ಪಯ್ಯನ ಅಂಗಿ ಬೆವರಿನಲ್ಲಿ ತೊಯ್ದಿದ್ದು ನೋಡಿದ. ಡ್ರೈವರ್ ದಾರಿಯ ಸ್ಟಾಪೆಲ್ಲ ಬಿಟ್ಟು ಬಸ್ಸನ್ನು ನೇರ ತಾಲ್ಲೂಕು ಆಸ್ಪತ್ರೆಯ ಗೇಟಿಗೇ ತಂದ. ಒಬ್ಬಳು ಮಾತ್ರ ಸೊಸೈಟಿ ಬಾಗಿಲು ಹಾಕುತ್ತದೆ ಅಂತ ಗೊಣಗಿದಳಂತೆ. ಆಮೇಲೆ ಅಪ್ಪಯ್ಯನ ಚೀಲ ಹಿಡಿದುಕೊಂಡು ಒಳಗೆ ಬಂದವಳೂ ಅವಳೇ ಅಂತೆ! ಅವಳು ಯಾರು ಅಂತ ಗೊತ್ತಾದರೆ ನನ್ನ ಲೆಕ್ಕದಲ್ಲಿ ಒಂದು ಸೀರೆ ಕೊಡು.

ಇಸಿಜಿ ತೆಗೆದು ಅಲ್ಲಿಂದಲೇ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಿಗೆ ತೋರಿಸಿ ಇಂಜೆಕ್ಷನ್ ಕೊಟ್ಟರಲ್ಲ, ಅದರ ಹೆಸರು ಟೆನೆಕ್ಟೆಪ್ಲೇಸ್. ಹೊರಗೆ 30 ಸಾವಿರ ಹತ್ತಿರ ಬೀಳುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗುತ್ತಿದೆ. ಮೊದಲಾಗಿದ್ದರೆ ಹುಬ್ಬಳ್ಳಿವರೆಗೆ 100 ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಒದ್ದಾಡಬೇಕಿತ್ತು.

ನನ್ನ ಕಡೆಯದ್ದೂ ಕೇಳು. ಶ್ರೀಪಾದ ಫೋನ್ ಮಾಡಿದಾಗ ಅಲ್ಲಿ ಮಧ್ಯಾಹ್ನ 12.30, ಇಲ್ಲಿ ಬೆಳಗ್ಗೆ 8. ಆ ಹೊತ್ತಿಗೆ ನಾನು ಲ್ಯಾಬಿನೊಳಗೆ ಇರುತ್ತೇನೆ, ಫೋನು ಹೊರಗೆ ಲಾಕರಿನಲ್ಲಿರುತ್ತದೆ. ಆವತ್ತು ರೈಲು ಲೇಟು. (ಜರ್ಮನಿಯ ರೈಲು ನೋಡಿ ಗಡಿಯಾರ ಸರಿ ಮಾಡಿಕೊಳ್ಳಬಹುದು ಅಂತ ಅಪ್ಪಯ್ಯ ಎಲ್ಲರಿಗೂ ಹೇಳುತ್ತಾನಲ್ಲ, ಇನ್ನು ಹೇಳುವುದು ಬೇಡ ಅನ್ನು.) ಪ್ಲಾಟ್‌ಫಾರ್ಮಿನಲ್ಲಿ ನಿಂತು ಶಪಿಸುತ್ತಿದ್ದಾಗ ಫೋನ್ ಬಂತು. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತಗೊಳ್ಳುತ್ತಾರಾ ಅಂತ ಡಾಕ್ಟರು ಕೇಳುತ್ತಿದ್ದರು, ಶ್ರೀಪಾದನಿಗೆ ಒಂದೂ ಗೊತ್ತಿಲ್ಲ. ಹಳೇ ಚೀಟಿಯ ಫೋಟೋ ನನ್ನ ಫೋನಿನಲ್ಲಿತ್ತು, ಕೂಡಲೇ ಕಳಿಸಿದೆ. ಇದೆಲ್ಲ ಸುಮ್ನೆ ಆಗಿದ್ದು ಅಂತ ನೀನು ಹೇಳು, ನೋಡೋಣ.

ಈಗ ವಿಷಯಕ್ಕೆ ಬರುತ್ತೇನೆ. ಇಂಜೆಕ್ಷನ್ ಕರಗಿಸಿದ್ದು ಹೆಪ್ಪುಗಟ್ಟಿದ ರಕ್ತವನ್ನು ಮಾತ್ರ. ರಕ್ತನಾಳ ಕಿರಿದಾಗಿದ್ದು ಹಾಗೇ ಇರುತ್ತದೆ. ಇಂಜೆಕ್ಷನ್ ಆದ ಮೇಲೆ ಒಂದು ದಿನದೊಳಗೇ ಆಂಜಿಯೋಗ್ರಾಂ ಮಾಡಿಸಿ ಅಂತ ಅದಕ್ಕೇ ಹೇಳುವುದು. ಅಪ್ಪಯ್ಯ ಮನೆಗೆ ಹೋಗುತ್ತೇನೆ ಅಂತ ತಾನೇ ಸಹಿ ಹಾಕಿ ಬಂದು ಕೊಟ್ಟಿಗೆ, ತೋಟ ಅಂತ ಓಡಾಡುತ್ತಿದ್ದಾನೆ. ಹೆದರುವಂಥದ್ದು ಏನೂ ಇಲ್ಲ ಆಯಿ. ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ ಅಷ್ಟೇ ಮರಗಟ್ಟಿಸಿ ಸಣ್ಣ ನಳಿಕೆ ಹಾಕಿ ನೋಡುತ್ತಾರೆ. ಎಚ್ಚರವಾಗಿಯೇ ಇರುತ್ತಾನೆ, ಡಾಕ್ಟರ ಜೊತೆ ಅಡಿಕೆ ರೇಟು ಮಾತಾಡಲಿ ಬೇಕಾದರೆ.

ಇನ್ನೊಂದು ಮಾತು. ಪ್ರಸಾದ ಕೇಳುವಾಗ ಅಪ್ಪಯ್ಯ ಏನಂತ ಕೇಳಿದ? ‘ಕೊಯ್ಲು ಮುಗಿಸಿ ಹೋಗಲಾ’ ಅಂತ ಕೇಳಿದ್ದರೆ ಎಡ ಪ್ರಸಾದ ಅಂದರೆ ‘ಬೇಡ, ಈಗಲೇ ಹೋಗು’ ಅಂತಲೇ ಆಯ್ತಲ್ಲ! ಭಟ್ಟರನ್ನೇ ಕೇಳು, ಅವರು ನನ್ನ ಪರ ಇರುತ್ತಾರೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನನ್ನು ಹುಡುಕುವ ಕೆಲಸ ಗಣಪತಿ ಭಾವನಿಗೆ ಬಿಡಿ, ನಾನು ಆಗಲೇ ಹೇಳಿಟ್ಟಿದ್ದೇನೆ. ದುಡ್ಡು ಶ್ರೀಪಾದನ ಖಾತೆಗೆ ಹಾಕಿದ್ದೇನೆ. ನನಗೆ ಕಷ್ಟವಾಗುತ್ತದೆ ಅಂತೆಲ್ಲ ಲೆಕ್ಕ ಹಾಕಬೇಡ, ಇಲ್ಲಿ ಖರ್ಚು ಮಾಡಲು ನನಗೆ ಪುರುಸೊತ್ತೇ ಇಲ್ಲ.

ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ. ಭಾನುವಾರ ಅಂಗಡಿಗಳೆಲ್ಲ ಬಾಗಿಲು, ಕೊತ್ತಂಬರಿ ಸೊಪ್ಪು ಮುಗಿದರೆ ಸೋಮವಾರವೇ ಗತಿ. ಖಾಲಿ ಪ್ಲಾಸ್ಟಿಕ್ ಬಾಟ್ಲಿಯನ್ನು ಅಂಗಡಿಯ ಮಷಿನ್ನಿಗೆ ತುರುಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಆ ಕಾಸನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೇನೆ, ಮಾರಿಕಾಂಬೆಯ ಕಾಣಿಕೆಗೆ. ನಗಬೇಡ. ಮೆಟ್ರೊದ ಎರಡು ಮಾರ್ಗಗಳಲ್ಲಿ ಡ್ರೈವರೇ ಇಲ್ಲ, ತಾನೇ ಓಡುತ್ತದೆ. 2008ರಲ್ಲೇ ಶುರುವಾಗಿದ್ದಂತೆ. ಬಹಳ ಹೆಮ್ಮೆಯಿಂದ ಬಂದವರಿಗೆಲ್ಲ ತೋರಿಸುತ್ತಿದ್ದೆ. ಈಗ ಹತ್ತಿದಾಗೆಲ್ಲ ಅನಿಸುತ್ತದೆ, ಅಪ್ಪಯ್ಯ ಇಂಥದರಲ್ಲಿ ಕೂತಿದ್ದರೆ ಆಸ್ಪತ್ರೆ ಗೇಟಿಗೆ ಯಾರು ತರುತ್ತಿದ್ದರು?

ನನ್ನ ಬಗ್ಗೆ ಚಿಂತೆ ಬೇಡ. ಮೂರು ಹೊತ್ತೂ ಸರಿಯಾಗಿ ಊಟ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ನೆಗಡಿ ಕೂಡ ಆಗಿಲ್ಲ. ಸಂಜೆ ದೀಪವನ್ನೂ ಹಚ್ಚುತ್ತೇನೆ, ಹೊಗೆ ಅಲಾರಂ ಕೂಗದಷ್ಟು ಸಣ್ಣದು.

ಉಡಿ ತುಂಬಲಿಕ್ಕೆ ಹುಬ್ಬಳ್ಳಿಯಿಂದ ಬಂದ ಮೇಲೆ ಹೋಗಿ. ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಎದೆ ನೋವು ಮತ್ತೆ ಬಂದರೆ ಕಷಾಯ ಮಾಡುತ್ತಾ ಕೂರಬೇಡ, ಆ ಕ್ಷಣ 108ಕ್ಕೆ ಫೋನ್ ಮಾಡಿ. ಕುಕ್ಕರ್ ಕೂಗುತ್ತಿದೆ, ಇಡುತ್ತೇನೆ. ಹೊರಡುವ ದಿನ ಗೊತ್ತಾದ ಕೂಡಲೇ ಶ್ರೀಪಾದನಿಗೆ ಮೆಸೇಜ್ ಹಾಕಲು ಹೇಳು, ಮರೆಯಬೇಡ.

ನಿನ್ನ
ಮಗಳು